ಜಗಲಿಯಲ್ಲೇ ಉಳಿದ ಮದುವೆ

ಹೋದ ವಾರ ಹಾಸನದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಆಲೂಗಡ್ಡೆ ಮಂಡಿಯೊಂದರ ಹಿಂದಿನ ರಸ್ತೆಗೆ ನುಗ್ಗಿಬಿಟ್ಟೆ. ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ಮಳೆಗೆ ನೆನೆದ ಗೋಣಿಚೀಲ, ಅದರೊಳಗೆ ಎಲ್ಲೋ ನಾಲ್ಕು ಗೆಡ್ಡೆ ಕೊಳೆತಿರಬೇಕು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಎಲ್ಲಿಂದಲೋ ಸಿಟ್ಟು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಏನ್ರೀ, ಯಾರ್ ಮೇಲೆ ಹಲ್ಲು ಕಡೀತಿದೀರ?" ಅಂದಳು. ತಲೆ ಎತ್ತಿ ನೋಡಿದೆ. ಅದೇ ಕಟ್ಟಡ. ಕೆಳಗೆ ಈಗ ಮೊಬೈಲ್ ಅಂಗಡಿ, ಮೇಲೆ ಜಿಮ್ಮು. ಎರಡು ಸಾವಿರದ ಆರೋ ಏಳೋ ಇರಬೇಕು, ಆ ಮೇಲಿನ ಮಹಡಿಯಲ್ಲಿ ಒಂದು ಕಲರ್ ಲ್ಯಾಬ್ ಇತ್ತು. ಅದರ ಕಂಪ್ಯೂಟರುಗಳಿಗೆಲ್ಲ ದಿಕ್ಕು ದೆಸೆ ನಾನೇ.

ಆ ವರ್ಷದ ಕಥೆ ಯಾರಿಗೂ ಪೂರ್ತಿ ಹೇಳಿಲ್ಲ. ಇವತ್ತು ಹೇಳುತ್ತೇನೆ. ಉದ್ದ ಇದೆ, ಓದಲು ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಲ್ಯಾಬಿನ ಯಜಮಾನರ ಹೆಸರು ಪ್ರಭಾಕರ್ ಅಂತಿಟ್ಟುಕೊಳ್ಳಿ. ಹಾಸನದಲ್ಲಿ ಲ್ಯಾಬು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಸ್ಟುಡಿಯೋ. ರೀಲಿನ ಕಾಲ ಆಗಷ್ಟೇ ಮುಗಿದಿತ್ತು. ಮೂರೂ ಊರಿನ ಫೋಟೋಗ್ರಾಫರುಗಳ ಕೈಗೆ ಡಿಜಿಟಲ್ ಕ್ಯಾಮೆರಾ ಬಂದು, ಒಂದು ಮದುವೆಗೆ ನೂರು ತೆಗೆಯುತ್ತಿದ್ದವರು ಸಾವಿರ ತೆಗೆಯಲು ಶುರುಮಾಡಿದ್ದರು. ಇಡುವುದೆಲ್ಲಿ? ಅದಕ್ಕೆ ಯಜಮಾನರು ಒಂದು ಸರ್ವರ್ ತಂದರು, ಜೊತೆಗೆ ಫೋಟೋ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್. ಮೂರೂ ಊರಿನ ಸ್ಟುಡಿಯೋದಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಪುಟ ತೆರೆದರೆ ಹಾಸನದಲ್ಲಿರುವ ಫೋಟೋ ಕಾಣಬೇಕು. ಗಿರಾಕಿ ಅಲ್ಲೇ ಕೂತು ಆಲ್ಬಮ್ಮಿಗೆ ಆರಿಸಿಕೊಳ್ಳಬೇಕು. ಹೊಸ ಯೋಚನೆ, ಒಳ್ಳೆಯ ಯೋಚನೆ, ಅದರಲ್ಲಿ ಎರಡು ಮಾತಿಲ್ಲ.

ಕೆಲಸ ಶುರುವಾಗಿದ್ದು ಆಷಾಢದಲ್ಲಿ. ನಮ್ಮ ಕಸುಬಿಗೆ ಆಷಾಢವೆಂದರೆ ರಜೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಫೋಟೋಗ್ರಾಫರುಗಳೆಲ್ಲ ಲೆನ್ಸ್ ಒರೆಸುತ್ತಾ ಬಜ್ಜಿ ತಿನ್ನುತ್ತಾ ಕೂತಿರುತ್ತಾರೆ. ಹೊರಗೆ ಜಿಟಿಜಿಟಿ ಮಳೆ, ಗಾಳಿಗೆ ಕಿಟಕಿ ಬಡಿಯುತ್ತಿತ್ತು. ಒಳಗೆ ನಾನು, ನನ್ನ ಸುತ್ತ ವೈರು. ಕಟ್ಟಾಯದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸಿಗೆ ಬಂದರೆ ಪ್ಯಾಂಟು ಒಣಗುವ ಹೊತ್ತಿಗೆ ಮಧ್ಯಾಹ್ನ.

ಇಲ್ಲೊಂದು ವಿಷಯ ಗೊತ್ತಿರಲಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಆ ಸಾಫ್ಟ್‌ವೇರು ಫೋಟೋವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಯಾವ ಫೋಟೋ ಯಾವ ಡಿಸ್ಕಿನಲ್ಲಿದೆ ಅನ್ನುವ ವಿಳಾಸ ಇಟ್ಟುಕೊಳ್ಳುತ್ತದೆ. ಜೊತೆಗೆ ತೋರಿಸಲು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಪ್ರತಿಯೊಂದನ್ನು ಇಟ್ಟುಕೊಳ್ಳುತ್ತದೆ. ಅಸಲಿ ಫೋಟೋ ಎಲ್ಲಿ ಬೇಕಾದರೂ ಇರಬಹುದು, ಆ ಜಾಗವನ್ನು ನಾವು ಅದಕ್ಕೆ ಜೋಡಿಸಿಕೊಡಬೇಕು ಅಷ್ಟೆ. ನಾನು ಮೂರು ಥರದ ಜಾಗ ಜೋಡಿಸಿದೆ. ಒಂದು, ಸರ್ವರಿನೊಳಗೆ ಇದ್ದ ಜೋಡಿ ಡಿಸ್ಕು. ಒಂದಕ್ಕೆ ಬರೆದದ್ದು ತಾನಾಗಿ ಇನ್ನೊಂದಕ್ಕೂ ಬೀಳುತ್ತದೆ, ಒಂದು ಸತ್ತರೆ ಇನ್ನೊಂದಿರುತ್ತದೆ. ಎರಡು, ಮೂಲೆಯಲ್ಲಿ ಕೇಬಲ್ಲಿಗೆ ಸಿಕ್ಕಿಸಿದ ದೊಡ್ಡ ಡಬ್ಬಿ. ಒಂದೇ ಪ್ರತಿ, ಆದರೆ ಯಾರೂ ಮುಟ್ಟುವುದಿಲ್ಲ. ಮೂರು, ಯುಎಸ್‌ಬಿ ಡಿಸ್ಕುಗಳು. ಕೈಯಲ್ಲಿ ಹಿಡಿದು ಓಡಾಡುವಂಥವು. ತುಂಬಿದರೆ ಅಳಿಸಿ ಮತ್ತೆ ಬರೆಯುವಂಥವು.

ಪ್ರತಿಯೊಂದಕ್ಕೂ ಹೆಸರು ಕೊಡಬೇಕಿತ್ತು. ಯಜಮಾನರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದೇನಯ್ಯಾ ಎ, ಬಿ, ಸಿ ಅಂತ? ನಮ್ ಹುಡುಗರಿಗೆ ಅರ್ಥ ಆಗೋ ಹಂಗೆ ಇಡು. ಮೊದಲನೇದು ದೇವರಮನೆ, ಎರಡನೇದು ನಡುಮನೆ, ಮೂರನೇದು ಜಗಲಿ" ಅಂದರು. ಎಲ್ಲರೂ ನಕ್ಕೆವು. ಭೇಷ್ ಅಂದೆವು. ಒಂದೇ ದಿನದಲ್ಲಿ ಎಲ್ಲರ ಬಾಯಲ್ಲೂ ಕೂತುಬಿಟ್ಟಿತು. ಮದುವೆಯಾದರೆ ದೇವರಮನೆ. ನಾಮಕರಣ, ಗೃಹಪ್ರವೇಶ ನಡುಮನೆ. ಸ್ಕೂಲ್ ಡೇ, ಸಂಘದ ಮೀಟಿಂಗು, ಸನ್ಮಾನ, ಶ್ರದ್ಧಾಂಜಲಿ ಸಭೆ ಎಲ್ಲ ಜಗಲಿ. ಜಗಲಿಯಲ್ಲಿದ್ದದ್ದು ಮೂರು ತಿಂಗಳಾದ ಮೇಲೆ ಅಳಿಸಿಹೋಗುತ್ತದೆ. ಅದನ್ನು ಯಾರು ಕೇಳಿಕೊಂಡು ಬರುತ್ತಾರೆ ಅನ್ನುವುದು ಯಜಮಾನರ ಲೆಕ್ಕ.

ಇನ್ನೊಂದು ನಿಯಮವನ್ನೂ ಅವರೇ ಮಾಡಿದರು. ಇಂಟರ್ನೆಟ್ಟು ಆಮೆ ಥರ ಇದ್ದದ್ದರಿಂದ ಸ್ಟುಡಿಯೋದವರು ಫೋಟೋಗಳನ್ನು ಡಿಸ್ಕಿಗೆ ತುಂಬಿ, ಪೇಪರಿನಲ್ಲಿ ಸುತ್ತಿ, ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು. ಅದು ಹಾಸನಕ್ಕೆ ಬಂದು ಸರ್ವರಿಗೆ ಸೇರಿದ ಮೇಲೆ ಸ್ಟುಡಿಯೋದಲ್ಲಿ ಒಂದು ಫೋಟೋ ಕೂಡ ಉಳಿಸಿಕೊಳ್ಳುವ ಹಾಗಿಲ್ಲ. ಯಾಕೆ ಅಂದರೆ, "ಒಂದೇ ಕಡೆ ಇದ್ರೆ ಶಿಸ್ತು" ಅಂದರು. ಶಿಸ್ತೂ ಇಲ್ಲ, ಮಣ್ಣೂ ಇಲ್ಲ. ತಮ್ಮ ಸ್ಟುಡಿಯೋದವರು ಕದ್ದು ಬೇರೆ ಲ್ಯಾಬಿಗೆ ಹೋಗಿ ಪ್ರಿಂಟ್ ಹಾಕಿಸಿಬಿಡುತ್ತಾರೆ ಅನ್ನುವ ಭಯ. ತಮ್ಮವರನ್ನೇ ನಂಬದವರು ಊರವರ ನೆನಪನ್ನೆಲ್ಲ ಕಾಯಲು ಹೊರಟಿದ್ದರು.

ಡಿಸ್ಕು ಬಂದ ಮೇಲೆ ಯಾವುದು ಯಾವ ಜಾಗಕ್ಕೆ ಅಂತ ನೋಡಿ ಹಾಕುತ್ತಿದ್ದದ್ದು ಶೋಭಾ. ಹೊಳೆನರಸೀಪುರದವಳು, ದಿನಾ ಅಲ್ಲಿಂದಲೇ ಓಡಾಟ. ಅಪ್ಪ ದೇವಸ್ಥಾನದ ಅರ್ಚಕರು, ಅಣ್ಣ ಮೇಷ್ಟ್ರು. ಒಳ್ಳೆಯ ಹುಡುಗಿ. ಊಟದ ಡಬ್ಬಿ ತೆಗೆದರೆ ಪುಳಿಯೋಗರೆಯಲ್ಲಿ ಅರ್ಧ ನನಗೇ. ಪೊಟ್ಟಣದ ಮೇಲೆ ಊರು ಮತ್ತು ಹೆಸರು ಬಿಟ್ಟು ಬೇರೇನೂ ಬರೆದಿರುತ್ತಿರಲಿಲ್ಲ. ಅವಳು ಫೋಟೋ ನೋಡುವಳು. ಧಾರೆ ಇದೆಯಾ, ತಾಳಿ ಇದೆಯಾ? ಮದುವೆ. ತೊಟ್ಟಿಲಿದೆಯಾ? ನಾಮಕರಣ. ಒಲೆಯ ಮೇಲೆ ಹಾಲುಕ್ಕುತ್ತಿದೆಯಾ? ಗೃಹಪ್ರವೇಶ. ಇದ್ಯಾವುದೂ ಇಲ್ಲ, ಮೈಕ್ ಮಾತ್ರ ಇದೆಯಾ? ಸಭೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಿಂಗಡಿಸುತ್ತಿದ್ದಳು.

ಶ್ರಾವಣ ಬಂತು, ಮದುವೆಗಳು ಬಂದವು. ಆ ವರ್ಷ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದಿತ್ತು. ಮಂಡಿಯ ಹಿಂದೆ ಕೊಳೆತ ಗೆಡ್ಡೆಯ ಗುಡ್ಡೆ. ಕಿಟಕಿ ತೆಗೆದರೆ ವಾಸನೆ, ಮುಚ್ಚಿದರೆ ಸೆಕೆ. ಆ ನಾತದಲ್ಲೇ ನಾವು ನೂರಾರು ಮದುವೆಗಳನ್ನು ದೇವರಮನೆಗೆ ತುಂಬಿದೆವು.

ದಸರಾ ಕಳೆದು ನಾಲ್ಕು ದಿನ ಆಗಿರಬೇಕು, ಚನ್ನರಾಯಪಟ್ಟಣದ ಸ್ಟುಡಿಯೋ ನಾಗೇಶನ ಫೋನು.

"ಅಣ್ಣ, ಸಿದ್ದಯ್ಯನೋರ ಮಗಳ ಮದ್ವೆ ಫೋಟೋ ತೆಗುದ್ರೆ ಚಿಕ್ದು ಕಾಣ್ತದೆ, ಮೇಲೆ ಒತ್ತುದ್ರೆ ದೊಡ್ದು ಬರಾಕಿಲ್ಲ ಅಂತದೆ. ವೈರ್ ಗಿಯ್ರ್ ಬಿಚ್ಚೋಗದ ನೋಡು."

"ಯಾವ ಸಿದ್ದಯ್ಯ?"

"ದಂಡಿಗನಹಳ್ಳಿ ಕಡೆಯೋರು ಕಣಣ್ಣ. ಬಸ್ ಡಿಪೋಲಿ ಮೆಕ್ಯಾನಿಕ್ಕು. ಇಲ್ಲೇ ಕುಂತವ್ರೆ. ಅರ್ಜೆಂಟು."

ಅರ್ಜೆಂಟು ಏನು ಅನ್ನುವುದನ್ನು ನಾಗೇಶ ಸ್ಟುಡಿಯೋದಿಂದ ಹೊರಗೆ ಬಂದು, ದನಿ ತಗ್ಗಿಸಿ ಹೇಳಿದ. ಸಿದ್ದಯ್ಯನವರ ಮನೆಯವರು ಬುದ್ಧನ ದಾರಿ ಹಿಡಿದವರು. ಮಗಳು ಗೌತಮಿಯನ್ನು ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ಹತ್ತಿರದ ಹುಡುಗ ಮಹೇಶನಿಗೆ ಕೊಟ್ಟಿದ್ದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ತಾಳಿಯಿಲ್ಲ. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಹುಡುಗ ಹುಡುಗಿ ಬಿಳಿ ಬಟ್ಟೆ ಉಟ್ಟು, ನಾನು ನಿನ್ನನ್ನು ಗೌರವದಿಂದ ನೋಡಿಕೊಳ್ಳುತ್ತೇನೆ ಅಂತ ಇಬ್ಬರೂ ಹೇಳಿ, ಹಾರ ಹಾಕಿಕೊಂಡರು. ಬಂದವರೆಲ್ಲ ಎದ್ದು ನಿಂತು ಕೈ ಮುಗಿದು ಆ ಮಾತಿಗೆ ದನಿಗೂಡಿಸಿದರು. ಅಷ್ಟೇ ಮದುವೆ.

"ಅತ್ತೇ ನಿಮಿಸ ಕಣಣ್ಣ, ಮುಗುದೋಯ್ತು. ಊಟ ಬೊಂಬಾಟಾಗಿತ್ತು" ಅಂದ ನಾಗೇಶ.

ಈಗ ಹುಡುಗನ ದೊಡ್ಡಪ್ಪ ತಿರುಗಿಬಿದ್ದಿದ್ದ. ಆತನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, ನಿಮ್ಮ ಮನೆಯಲ್ಲಿ ತಾಳಿ ಇಲ್ಲದ ಸೊಸೆ ಇದ್ದಾಳಂತಲ್ಲ ಅಂದಿದ್ದರಂತೆ. ಅಷ್ಟಕ್ಕೆ ಈತ, "ಅದೆಂಥಾ ಮದ್ವೆ? ನಾನು ಊಟಕ್ಕೋಗಿದ್ದೆ, ಅಲ್ಲಿ ಮದ್ವೆ ಆಗ್ಲೇ ಇಲ್ಲ. ದೇವಸ್ಥಾನದಲ್ಲಿ ತಾಳಿ ಕಟ್ಸಿ ಆಮೇಲೆ ಮನೆಗೆ ಕರ್ಕೋತೀವಿ" ಅಂತ ಹುಡುಗಿಯನ್ನು ತವರಿಗೆ ಕಳಿಸಿದ್ದ. ಗಂಡ ಮಹೇಶ ದೊಡ್ಡಪ್ಪನ ಮುಂದೆ ಬಾಯಿ ಬಿಡುವವನಲ್ಲ. ಆದರೆ ಸಿದ್ದಯ್ಯನವರಿಗೆ ಚೆನ್ನಾಗಿ ನೆನಪಿತ್ತು, ನಾಗೇಶನಿಗೂ ನೆನಪಿತ್ತು. ಆ ದೊಡ್ಡಪ್ಪ ಮೊದಲ ಸಾಲಿನಲ್ಲೇ ಎದ್ದು ನಿಂತು, ಕೈ ಮುಗಿದು, ಎಲ್ಲರಿಗಿಂತ ಜೋರಾಗಿ ದನಿಗೂಡಿಸಿದ್ದ. ಆ ಫೋಟೋ ಇದೆ. ಅದನ್ನು ದೊಡ್ಡದು ಮಾಡಿಸಿಕೊಂಡು ಹೋಗಿ ನಾಲ್ಕು ಜನ ಹಿರಿಯರ ನಡುವೆ ಇಟ್ಟು, ನೋಡಪ್ಪಾ, ಇದು ಯಾರು ಅಂತ ಕೇಳಬೇಕು. ಆತ ಒಪ್ಪಿದರೆ ಹುಡುಗಿ ಇದ್ದ ಹಾಗೇ ಗಂಡನ ಮನೆಗೆ ಹೋಗುತ್ತಾಳೆ. ಇಲ್ಲದಿದ್ದರೆ ತಾಳಿ.

ಇಷ್ಟು ದಿನ ಆಲ್ಬಂ ಯಾಕೆ ಮಾಡಿಸಿರಲಿಲ್ಲ? ಗೌತಮಿಗೆ ಗಂಡನ ಜೊತೆ ಕೂತು ಆರಿಸಬೇಕು ಅಂತ ಆಸೆ. ಅವರ ಮನೆಯಲ್ಲಿ ಗೆಡ್ಡೆ ಕೀಳುವ ಕೆಲಸ ಮುಗಿಯಲಿ, ಇಬ್ಬರೂ ಬರುತ್ತೇವೆ ಅಂದಿದ್ದಳಂತೆ.

ನಾನು ಸರ್ವರ್ ಕೋಣೆಗೆ ಹೋಗಿ ಎಲ್ಲ ವೈರೂ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಮದುವೆ ತಾನೆ, ದೇವರಮನೆಯಲ್ಲಿ ಹುಡುಕಿದೆ. ಇಲ್ಲ. ನಡುಮನೆಯಲ್ಲಿ ಹುಡುಕಿದೆ. ಇಲ್ಲ. ಆಮೇಲೆ ಸಾಫ್ಟ್‌ವೇರಿನಲ್ಲಿ ಆ ಫೋಟೋದ ವಿಳಾಸವನ್ನೇ ತೆಗೆದು ನೋಡಿದೆ. ಜಗಲಿ. ಬಗೆ: ಸಭೆ.

ಜಗಲಿಯ ಡಿಸ್ಕುಗಳನ್ನು ಒಂದೊಂದಾಗಿ ಸಿಕ್ಕಿಸಿದೆ. ಆ ವಿಳಾಸದ ಡಿಸ್ಕು ಸಿಕ್ಕಿತು. ತೆರೆದರೆ ಅರಕಲಗೂಡಿನ ಯಾವುದೋ ಶಾಲೆಯ ಮಕ್ಕಳು ಕೋಲಾಟ ಆಡುತ್ತಿದ್ದಾರೆ. ಮೂರು ತಿಂಗಳು ಮುಗಿದು, ಅಳಿಸಿ, ಅದರ ಮೇಲೆ ಬರೆದಾಗಿತ್ತು.

ಅಳಿಸಿದ್ದನ್ನು ಮತ್ತೆ ಎಬ್ಬಿಸುವ ಸಾಫ್ಟ್‌ವೇರುಗಳಿವೆ. ಸಿಕ್ಕಿದ್ದನ್ನೆಲ್ಲ ಹಾಕಿ ಎರಡು ದಿನ ಅದರ ಮುಂದೆ ಕೂತೆ. ಕೆಲವು ಫೋಟೋಗಳ ಮೇಲಿನ ಪಟ್ಟಿಯಷ್ಟೇ ಎದ್ದು ಬಂತು. ಶಾಮಿಯಾನದ ಬಟ್ಟೆ ಬಂತು. ಬುದ್ಧನ ಪಟದ ಚೌಕಟ್ಟಿನ ಮೇಲಂಚು ಬಂತು. ಅಲ್ಲಿಂದ ಕೆಳಗೆ ಬೂದಿ ಬಣ್ಣ. ಒಂದರಲ್ಲಿ ಒಂದಷ್ಟು ಜನರ ನೆತ್ತಿ ಬಂತು, ಬರೀ ನೆತ್ತಿ. ಅದರಲ್ಲಿ ಒಂದು ಬೋಳು ನೆತ್ತಿ. ದೊಡ್ಡಪ್ಪನದೇ ಇರಬೇಕು. ಬೋಳು ನೆತ್ತಿ ಇಟ್ಟುಕೊಂಡು ಪಂಚಾಯಿತಿ ಮಾಡಲು ಆಗುತ್ತದೆಯೇ?

ನಾಗೇಶನಿಗೆ ಫೋನ್ ಮಾಡಿ, "ನಿನ್ ಹತ್ರ ಒಂದಾದ್ರೂ ಉಳಿದಿದ್ಯೇನೋ?" ಅಂದೆ.

"ಎಲ್ಲಣ್ಣಾ? ಇಟ್ಕಂಡ್ರೆ ಕೆಲ್ಸದಿಂದ ತಗುದಾಕ್ತೀನಿ ಅಂದಿರ್ನಿಲ್ವಾ ನಿಮ್ ಯಜಮಾನ್ರು? ಕಾರ್ಡೂ ಅಳಿಸ್ದೆ, ಕಂಪ್ಯೂಟ್ರೂ ಅಳಿಸ್ದೆ. ನಾನು ನಿಯತ್ತಾಗಿದ್ದದ್ದೇ ತಪ್ಪಾಯ್ತಲ್ಲಣ್ಣ."

ಶೋಭಾಳನ್ನು ಕೇಳಿದೆ. ಪಾಪ, ಚಿಕ್ಕ ಪ್ರತಿಗಳನ್ನು ನೋಡಿದ ಕೂಡಲೇ ಅವಳಿಗೆ ನೆನಪಾಯಿತು, ಮುಖ ಬಿಳಿಚಿಕೊಂಡಿತು.

"ಅಯ್ಯೋ, ಇದು ಮದುವೆನಾ? ಧಾರೆ ಹುಡುಕಿದೆ ಕಣ್ರೀ, ಇರ್ಲಿಲ್ಲ. ಹುಡುಗಿ ಬಿಳೀ ಸೀರೆ ಉಟ್ಟಿದಾಳೆ. ಮೇಣದಬತ್ತಿ ಇದೆ, ಎಲ್ಲರೂ ಎದ್ದು ನಿಂತು ಕೈ ಮುಗಿದಿದಾರೆ. ಯಾರೋ ತೀರಿಕೊಂಡಿರೋ ಸಭೆ ಅಂದ್ಕೊಂಡೆ. ಅದೂ ಅಲ್ದೆ ಆಷಾಢ. ಆಷಾಢದಲ್ಲಿ ಯಾರಾದ್ರೂ ಮದುವೆ ಮಾಡ್ತಾರಾ?"

ಮಾಡುತ್ತಾರೆ. ಬೇಕೆಂತಲೇ ಆಷಾಢದಲ್ಲಿ ಮಾಡುತ್ತಾರೆ. ಒಳ್ಳೆಯ ತಿಂಗಳು ಕೆಟ್ಟ ತಿಂಗಳು ಅನ್ನುವುದನ್ನು ನಾವು ನಂಬುವುದಿಲ್ಲ ಅಂತ ತೋರಿಸಲಿಕ್ಕೇ ಮಾಡುತ್ತಾರೆ. ಹೊಳೆನರಸೀಪುರದ ಅಗ್ರಹಾರದಲ್ಲಿ ಹುಟ್ಟಿದ ಹುಡುಗಿಗೆ ಅದು ಗೊತ್ತಿರಲಿಲ್ಲ. ಒಂದು ಹುಡುಗಿಯ ಮದುವೆಯ ಫೋಟೋ ನೋಡಿ ಇನ್ನೊಂದು ಹುಡುಗಿಗೆ ಸಾವಿನ ಸಭೆ ಅನ್ನಿಸಿತು. ಎರಡೂ ಊರಿನ ನಡುವೆ ಒಂದು ಗಂಟೆಯ ಬಸ್ಸಿನ ದಾರಿ ಕಣ್ರೀ. ಒಂದೇ ಮಳೆ, ಒಂದೇ ರಾಗಿಮುದ್ದೆ. ನನಗೆ ಶೋಭಾ ಮೇಲೆ ಸಿಟ್ಟು ಬರಲಿಲ್ಲ. ಅವಳು ಅಳುತ್ತಿದ್ದಳು. ಸಿಟ್ಟು ಬಂದದ್ದು ಆಮೇಲೆ, ಯಜಮಾನರ ಕೋಣೆಯಲ್ಲಿ.

ಅವರು ಪೂರ್ತಿ ಕೇಳಿಸಿಕೊಂಡರು. ಕಾಫಿ ಹೀರಿದರು. "ಈಗ ಅವರ ಫೋಟೋ ತೆಗೆದ್ರೆ ಏನು ಕಾಣುತ್ತೆ?"

"ಚಿಕ್ಕ ಪ್ರತಿ ಕಾಣುತ್ತೆ. ಒತ್ತಿದ್ರೆ ಅಸಲಿ ಸಿಗ್ತಿಲ್ಲ ಅನ್ನುತ್ತೆ."

"ಅದನ್ನೂ ತೆಗೆದುಹಾಕು. ಕಳೆದುಹೋದ ಫೋಟೋಗಳನ್ನ ಲಿಸ್ಟಿನಿಂದ ಗುಡಿಸಿಹಾಕೋ ಬಟನ್ ಒಂದಿದೆ ಅಂದಿದ್ಯಲ್ಲ? ಒತ್ತು. ಹೊಸಾ ಸ್ಟುಡಿಯೋದವರು ನೋಡೋಕೆ ಬರ್ತಿದಾರೆ, ಇಂಥಾದ್ದೆಲ್ಲ ಕಾಣಬಾರದು."

"ಅವರಿಗೆ ಏನ್ ಹೇಳೋದು ಸಾರ್?"

"ಚನ್ನರಾಯಪಟ್ಟಣದಿಂದ ಡಿಸ್ಕು ಖಾಲಿ ಬಂದಿತ್ತು ಅನ್ನು. ನಾಗೇಶನ ತಪ್ಪು ಅನ್ನು. ಒಂದು ಮೀಟಿಂಗ್ ಫೋಟೋಗೆ ಇಷ್ಟೊಂದು ರಾಮಾಯಣ ಮಾಡ್ತಿಯಲ್ಲಯ್ಯಾ."

"ಮೀಟಿಂಗ್ ಅಲ್ಲ ಸಾರ್, ಮದುವೆ."

"ತಾಳಿ ಇದ್ಯಾ? ಇಲ್ಲ ತಾನೆ? ಮತ್ತೆ?"

ಆ 'ಮತ್ತೆ' ಅನ್ನುವ ಪದ ಇವತ್ತಿಗೂ ಕಿವಿಯಲ್ಲಿದೆ. ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆದರೆ ಈ ಪೋಸ್ಟು ತೆಗೆದುಹಾಕುತ್ತಾರೆ. ಸಭ್ಯ ಭಾಗ ಇಷ್ಟು: "ಆ ಬಟನ್ ನಾನು ಒತ್ತಲ್ಲ. ನಾಗೇಶನ ಹೆಸರನ್ನೂ ಹೇಳಲ್ಲ. ನೀವೇ ಒತ್ತಿ, ನೀವೇ ಹೇಳಿ." ಅವರಿಗೆ ಬಟನ್ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಅದೊಂದು ಪುಣ್ಯ. ನಾನು ನೇರ ಪ್ರಿಂಟರ್ ಹತ್ತಿರ ಹೋಗಿ, ಆ ಮದುವೆಯ ಚಿಕ್ಕ ಪ್ರತಿಗಳನ್ನೆಲ್ಲ ಹಾಳೆಗಳ ಮೇಲೆ ಸಾಲಾಗಿ ಜೋಡಿಸಿ ಪ್ರಿಂಟ್ ತೆಗೆದೆ. ಅಂಚೆಚೀಟಿಗಳನ್ನು ಅಂಟಿಸಿದ ಹಾಗೆ ಕಾಣುತ್ತಿತ್ತು. ಅವುಗಳದ್ದೇ ಒಂದು ಪ್ರತಿಯನ್ನು ದೇವರಮನೆಗೂ ಹಾಕಿದೆ.

ಮಾರನೇ ದಿನವೇ ಸಿದ್ದಯ್ಯ ಬಂದರು, ಜೊತೆಗೆ ಗೌತಮಿ. ಸಿದ್ದಯ್ಯ ಡಿಪೋದ ಖಾಕಿಯಲ್ಲೇ ಇದ್ದರು, ಉಗುರಿನ ಸಂದಿಯಲ್ಲಿ ಗ್ರೀಸು. ಗೌತಮಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇದ್ದೀತು, ಟೀಚರ್ ಆಗಲು ಟಿಸಿಎಚ್ ಮುಗಿಸಿದ್ದಳು. ಕೈಯಲ್ಲಿ ಮಡಿಚಿದ ಕೊಡೆ. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಯಜಮಾನರು ನಾಗೇಶನ ಕಥೆ ಶುರುಮಾಡಿದರು. ಡಿಸ್ಕು ಖಾಲಿ ಇತ್ತು ಅಂತ ಅರ್ಧ ಹೇಳುವಷ್ಟರಲ್ಲಿ ಸಿದ್ದಯ್ಯ, "ಸಾ, ಖಾಲಿ ಇದ್ರೆ ಚಿಕ್ದು ಎಂಗ್ ಕಾಣ್ತದೆ?" ಅಂದರು. ಬಸ್ಸು ಬಿಚ್ಚಿ ಜೋಡಿಸುವ ಮನುಷ್ಯ, ಅಷ್ಟು ತಿಳಿಯುವುದಿಲ್ಲವೇ? ಯಜಮಾನರು ದಾರಿ ಬದಲಿಸಿದರು.

"ಏನಿಲ್ಲ ಸಿದ್ದಯ್ಯನೋರೇ, ನಮ್ಮ ಹುಡುಗಿಗೆ ಅದು ಮದುವೆ ಅಂತ ಗೊತ್ತಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ, ತಾಳಿನೇ ಕಾಣಲಿಲ್ವಲ್ಲ."

ಸಿದ್ದಯ್ಯ ನಕ್ಕರು. ಆ ನಗು ನೋಡಲಾಗುತ್ತಿರಲಿಲ್ಲ.

"ಬೀಗ್ರೂ ಅದ್ನೇ ಅಂತಾವ್ರೆ ಸಾ. ನೀವೂ ಅವ್ರೂ ಮಾತಾಡ್ಕಂಡಂಗದೆ."

ಗೌತಮಿ ನನ್ನ ಕಂಪ್ಯೂಟರಿನ ಪರದೆ ನೋಡುತ್ತಿದ್ದಳು. ಅವಳ ಮದುವೆಯ ಪುಟವೇ ತೆರೆದಿತ್ತು. ಉಗುರಿನಷ್ಟು ಫೋಟೋಗಳು, ಕೆಳಗೆ ವಿವರ. ಗಟ್ಟಿಯಾಗಿ ಓದಿದಳು. "ಬಗೆ, ಸಭೆ. ಜಾಗ, ಜಗಲಿ." ಓದಿ ನನ್ನ ಕಡೆ ತಿರುಗಿ, "ಜಗಲಿ ಅಂದ್ರೇನು ಸಾರ್?" ಅಂದಳು.

ಹೇಳಬೇಕಾಯಿತು. ದೇವರಮನೆ, ನಡುಮನೆ, ಜಗಲಿ. ಯಾವುದು ಎಲ್ಲಿಗೆ, ಯಾವುದು ಎಷ್ಟು ದಿನ. ಹೇಳುತ್ತಾ ಹೋದ ಹಾಗೆ, ಆಷಾಢದಲ್ಲಿ ಬಜ್ಜಿ ತಿನ್ನುತ್ತಾ ನಾವೆಲ್ಲ ನಕ್ಕಿದ್ದ ಆ ಹೆಸರು ನನ್ನ ನಾಲಿಗೆಯ ಮೇಲೆ ಕಲ್ಲಾಗುತ್ತಿತ್ತು. ಅವಳು ಕೊಡೆಯ ತುದಿಯನ್ನು ನೆಲಕ್ಕೆ ಒತ್ತಿ ನಿಂತಿದ್ದಳು.

ಸಿದ್ದಯ್ಯ ಅಂದರು, "ನಮ್ಮಪ್ಪ ಯಾರ್ ಮನೆಗೋದ್ರೂ ಜಗಲಿ ಕೆಳೀಕೇ ನಿಂತ್ಕತಿದ್ದ. ನಾನು ಜಗಲಿ ಮ್ಯಾಕೆ ಅತ್ತುದೆ. ನನ್ ಮಗಳು ಓದವಳೆ, ಒಳೀಕೋಯ್ತಾಳೆ ಅಂದ್ಕಂಡಿದ್ದೆ. ಕಂಪ್ಯೂಟ್ರಲ್ಲೂ ಜಗಲೀನೇ ಮಾಡ್ ಮಡ್ಗಿದ್ದೀರಲ್ಲ ಸಾ."

ಯಜಮಾನರು, "ಅಯ್ಯೋ, ಅದು ಬರೀ ಹೆಸರು ಸಿದ್ದಯ್ಯನೋರೇ, ನಾವು ಜಾತಿ ಗೀತಿ ನೋಡೋರಲ್ಲ" ಅಂದರು. ಅವರು ಹೇಳಿದ್ದು ನಿಜವೂ ಇರಬಹುದು. ಅವರು ಜಾತಿ ಕೇಳಲಿಲ್ಲ, ಶೋಭಾ ಕೇಳಲಿಲ್ಲ, ಸಾಫ್ಟ್‌ವೇರಿನಲ್ಲಿ ಆ ಕಾಲಮ್ಮೇ ಇರಲಿಲ್ಲ. ಯಾರೂ ಏನನ್ನೂ ಕೇಳದೆ ಅವರ ಫೋಟೋ ಸೀದಾ ಜಗಲಿಗೆ ಹೋಗಿ ಕೂತಿತು. ನನ್ನ ಮೈ ಉರಿಯುವುದು ಇದಕ್ಕೇ. ಬೈಯಲು ಒಬ್ಬ ಖಳನಾಯಕ ಸಿಕ್ಕಿದ್ದರೆ ಬೈದು ಮುಗಿಸಿ ಮಲಗುತ್ತಿದ್ದೆ.

ಹಾಳೆಗಳನ್ನು ಕೊಟ್ಟೆ. ಸಿದ್ದಯ್ಯ ಕಣ್ಣಿನ ಹತ್ತಿರ ಹಿಡಿದು ಹುಡುಕಿ, ಒಂದರ ಮೇಲೆ ಬೆರಳಿಟ್ಟರು. "ಇಗೋ, ಇವ್ನೇ. ಕೈ ಮುಕ್ಕಂಡು ನಿಂತವ್ನೆ." ನಾನೂ ನೋಡಿದೆ. ಬಿಳಿ ಅಂಗಿ, ಮೇಲೊಂದು ಕಂದು ಚುಕ್ಕೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ದೊಡ್ಡದು ಮಾಡಿ ತೋರಿಸಿದೆ. ನಾಲ್ಕು ಚೌಕ ಬಂತು, ಮುಖ ಬರಲಿಲ್ಲ.

ಅವರು ಆ ಹಾಳೆಯನ್ನೇ ತೆಗೆದುಕೊಂಡು ಮಲ್ಲಿಪಟ್ಟಣಕ್ಕೆ ಹೋದರು. ಹಿರಿಯರು ಕನ್ನಡಕ ಹಾಕಿಕೊಂಡು ನೋಡಿದರಂತೆ. ದೊಡ್ಡಪ್ಪ, "ಈ ಚುಕ್ಕೆ ನಾನಾ? ಇದು ಯಾವನ್ ಬೇಕಾದ್ರೂ ಆಗ್ಬೋದು" ಅಂದನಂತೆ. ಹಿರಿಯರು ನಕ್ಕರಂತೆ. ಅಲ್ಲಿಗೆ ಮುಗಿಯಿತು. ಸಿದ್ದಯ್ಯ, "ನನ್ ಮಗ್ಳು ಇನ್ನೊಂದ್ಸಲ ಮದ್ವೆ ಆಗಾಕೆ ಅವಳ ಗಂಡ ಏನು ಸತ್ತೋಗವ್ನಾ?" ಅಂತ ಕೂಗಾಡಿ ಎದ್ದು ಬಂದರು ಅಂತ ನಾಗೇಶ ಹೇಳಿದ.

ಕಾರ್ತಿಕದಲ್ಲಿ ಹೊಳೆನರಸೀಪುರದ ಒಂದು ದೇವಸ್ಥಾನದಲ್ಲಿ ಗೌತಮಿಗೆ ತಾಳಿ ಕಟ್ಟಿಸಿದರು. ಆಗಲಿ, ಕಟ್ಟಿಸಿಕೊಳ್ಳುತ್ತೇನೆ ಅಂದದ್ದು ಅವಳೇ. ಮಹೇಶ ಅವಳ ತವರಿಗೆ ಬಂದು ಅತ್ತನಂತೆ. ಫೋಟೋ ತೆಗೆದದ್ದು ನಾಗೇಶ. ಡಿಸ್ಕು ಬೆಳಗಿನ ಬಸ್ಸಿಗೆ ಹಾಸನಕ್ಕೆ ಬಂತು. ಶೋಭಾ ತೆರೆದಳು. ಧಾರೆ ಇತ್ತು, ತಾಳಿ ಇತ್ತು, ಪುರೋಹಿತರಿದ್ದರು. ದೊಡ್ಡಪ್ಪ ರೇಷ್ಮೆ ಶಲ್ಯ ಹೊದ್ದು ಎಲ್ಲ ಫೋಟೋದಲ್ಲೂ ಇದ್ದ. ಸಿದ್ದಯ್ಯ ಒಂದರಲ್ಲೂ ಇರಲಿಲ್ಲ. ಶೋಭಾ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಅವಳು 'ಮದುವೆ' ಅಂತ ಒತ್ತಿದಳು. ಸರ್ವರು ಒಂದು ಪ್ರಶ್ನೆ ಕೇಳದೆ ಅದನ್ನು ದೇವರಮನೆಗೆ ಒಯ್ದು, ಎರಡು ಡಿಸ್ಕಿನಲ್ಲಿ ಎರಡು ಪ್ರತಿ ಮಾಡಿ ಭದ್ರವಾಗಿ ಇಟ್ಟಿತು. ಹಸಿರು ದೀಪ ಎರಡು ಸಲ ಮಿಟುಕಿತು. ಅಷ್ಟು ಚೆನ್ನಾಗಿ ಜೋಡಿಸಿದ್ದೆ ನಾನು.

ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ. ಬಿಡುವ ಮೊದಲು ಮಾಡಿದ ಕೊನೆಯ ಕೆಲಸ ಗೌತಮಿಯ ಆಲ್ಬಂ.

ಅವಳು ಒಬ್ಬಳೇ ಬಂದಿದ್ದಳು. ಕತ್ತಿನಲ್ಲಿ ಹೊಸ ಅರಿಶಿನದ ದಾರ. ಈ ಸಲ ಕೂತಳು. ಮೊದಲ ಪುಟಕ್ಕೆ ನಮ್ಮಲ್ಲಿ ಯಾವಾಗಲೂ ಗಣಪತಿ, ಅದರ ಕೆಳಗೆ ಹುಡುಗ ಹುಡುಗಿಯ ಹೆಸರು, ಮುಹೂರ್ತದ ದಿನ. ಅದು ಬೇಡ ಅಂದಳು. ಚೀಲದಿಂದ ನಾನು ಕೊಟ್ಟಿದ್ದ ಹಾಳೆ ತೆಗೆದಳು. ಎಲ್ಲರೂ ಎದ್ದು ನಿಂತು ಕೈ ಮುಗಿದ ಆ ಫೋಟೋ ತೋರಿಸಿ, "ಮೊದಲ್ನೇ ಪೇಜಿಗೆ ಇದು. ಕೆಳಗೆ ಆಷಾಢದ ತಾರೀಖು. ಕಾರ್ತಿಕದ್ದು ಬೇಡ" ಅಂದಳು.

ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಬಂದು ನಯವಾಗಿ, "ಅಮ್ಮಾ, ಅಷ್ಟು ಚಿಕ್ಕದನ್ನ ಪೇಜಿಗೆ ದೊಡ್ಡದು ಮಾಡಿದ್ರೆ ಒಡೆದುಹೋಗುತ್ತೆ, ಚೆನ್ನಾಗಿ ಕಾಣಲ್ಲ. ಅಷ್ಟಗಲದ ಬಿಳೀ ಹಾಳೇಲಿ ಹಂಗೇ ಇಟ್ರೆ ಖಾಲಿ ಖಾಲಿ. ನೋಡಿದವರು ಏನೋ ಮಿಸ್ಟೇಕ್ ಆಗಿದೆ ಅಂದ್ಕೋತಾರೆ" ಅಂದರು.

ಅವಳು ತಲೆ ಎತ್ತಿ ನೋಡಲೂ ಇಲ್ಲ. ನನಗೆ ಹೇಳಿದಳು.

"ದೊಡ್ಡದು ಮಾಡ್ಬೇಡಿ ಸಾರ್. ಎಷ್ಟು ಉಳಿಸಿದ್ರೋ ಅಷ್ಟೇ ಕಾಣ್ಲಿ."